ಎರಡು ಮಿಲಿಮೀಟರ್

ನಾನು ಬೆಳೆದ ಮನೆಗೆ ಗೋಡೆ ಇರಲಿಲ್ಲ, ತಗಡಿತ್ತು. ಎರಡು ತಗಡಿನ ಹಾಳೆ, ನಡುವೆ ಬಿಳಿ ಥರ್ಮಾಕೋಲು. ಬೆರಳಿನಿಂದ ತಟ್ಟಿದರೆ ಬಿಸ್ಕತ್ತಿನ ಡಬ್ಬಿಯ ಸದ್ದು. ರಸ್ತೆ ಕೆಲಸ ಮುಗಿಸಿ ಹೋದವರು ಬಿಟ್ಟುಹೋಗಿದ್ದ ಪೋರ್ಟಾ ಕ್ಯಾಬಿನ್ನೊಂದನ್ನು ಅರ್ಬಾಬ್ ಲಾರಿಯಲ್ಲಿ ತರಿಸಿ ಗಲ್ಫಿನ ಮಬೇಲಾ ಎಂಬ ಊರಿನ ಅಂಚಿನ ಕಲ್ಲುಬಯಲಿನಲ್ಲಿ ಇಳಿಸಿದ್ದರು. ಅರ್ಬಾಬ್ ಅಂದರೆ ಪಪ್ಪನ ಯಜಮಾನರು, ನಮ್ಮ ಕಫೀಲ್. ಅವರ ಸಹಿ ಇಲ್ಲದೆ ನಾವು ಆ ದೇಶದಲ್ಲಿ ಒಂದು ದಿನವೂ ಇರುವಂತಿರಲಿಲ್ಲ. ಕ್ಯಾಬಿನ್ನಿನಲ್ಲಿ ರೈಲಿನ ಡಬ್ಬಿಯ ಹಾಗೆ ಮೂರು ಕೋಣೆ. ಮೊದಲನೆಯದು ಅಡುಗೆಕೋಣೆ. ನಡುವಿನದು ಉಣ್ಣುವ, ಓದುವ, ಪ್ರಾರ್ಥನೆ ಮಾಡುವ, ನಾನು ಮಲಗುವ ಕೋಣೆ. ಕೊನೆಯದು ಪಪ್ಪ, ಮಮ್ಮಿಯದು. ಅಡುಗೆಕೋಣೆಯ ತಗಡು ಅರ್ಬಾಬರ ಮನೆಯ ಕಡೆಗೆ ಮುಖ ಮಾಡಿತ್ತು. ಅವರ ಮನೆಯ ಹಿಂದೆ ಆಡುಗಳ ದೊಡ್ಡಿ, ದೊಡ್ಡಿಯ ಈಚೆ ಸುಮಾರು ಮುನ್ನೂರು ಹೆಜ್ಜೆ ಬರೀ ಕಲ್ಲು, ಅದಾದ ಮೇಲೆ ಮಮ್ಮಿಯ ಗ್ಯಾಸ್ ಒಲೆ. ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ನಾನು ದಿನಚರಿ ಬರೆಯಲು ಶುರುಮಾಡಿದ್ದು ಊರಿಗೆ ಬಂದು ಕಾಲೇಜು ಸೇರಿದ ಮೇಲೆ. ಅದಕ್ಕೂ ಹಿಂದಿನದನ್ನು ನಾನು ಸುಲಭವಾಗಿ ನಂಬುವುದಿಲ್ಲ. ಎಂಬತ್ತರ ದಶಕದ ಕೊನೆಯ ಆ ಒಂದು ವರ್ಷವನ್ನು ಬೇರೆ ಬೇರೆ ನೋಟ್‌ಬುಕ್ಕುಗಳಲ್ಲಿ ನಾಲ್ಕು ಸಲ ಬರೆದಿದ್ದೇನೆ. ನಾಲ್ಕೂ ಒಂದೇ ತರಹ ಇಲ್ಲ. ಒಂದರಲ್ಲಿ ಒಲೆಯ ಮೇಲೆ ಬಂಗುಡೆ ಹುರಿಯುತ್ತಿದೆ, ಇನ್ನೊಂದರಲ್ಲಿ ಒಲೆ ಆರಿದೆ. ನಮ್ಮ ಮನೆಯ ಮಾತು ಕೊಂಕಣಿ, ಪಪ್ಪ ಅರ್ಬಾಬರೊಡನೆ ಆಡುತ್ತಿದ್ದುದು ಹಿಂದಿ, ಅರಬಿ ಕಲಸಿದ ಮಾತು, ನಾನು ಶಾಲೆಯಿಂದ ತರುತ್ತಿದ್ದುದು ಇಂಗ್ಲಿಷು. ಇಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ. ಮೊದಲ ಸುಳ್ಳು ಅಲ್ಲಿಂದಲೇ ಶುರುವಾಗುತ್ತದೆ. ಆದರೂ ಐದನೆಯ ಸಲ ಬರೆಯುತ್ತಿದ್ದೇನೆ, ಏಕೆಂದರೆ ಕಳೆದ ತಿಂಗಳು ಮಮ್ಮಿಯ ಕಪಾಟಿನಲ್ಲಿ ಒಂದು ಹಳೆಯ ಪಾಸ್‌ಪೋರ್ಟು ಸಿಕ್ಕಿತು. ಅವತ್ತಿನಿಂದ ನನಗೆ ಸಿಟ್ಟು ಬಂದಿದೆ, ಆರಿಲ್ಲ. ಆರಿದ ಮೇಲೆ ಬರೆಯೋಣ ಎಂದು ಕಾದೆ. ಆರುವ ಲಕ್ಷಣ ಕಾಣುತ್ತಿಲ್ಲ.

ಪಪ್ಪನ ಹೆಸರು ಲಿಗೋರಿ. ಕಾರ್ಕಳದ ಕಡೆಯವರು. ಅರ್ಬಾಬರ ವರ್ಕ್‌ಶಾಪಿನಲ್ಲಿ ಸ್ಪೇರ್ ಪಾರ್ಟ್ಸ್ ಸ್ಟೋರು ಅವರ ಕೈಯಲ್ಲಿತ್ತು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ವರ್ನಿಯರ್ ಕ್ಯಾಲಿಪರ್, ದಪ್ಪ ಅಳೆಯುವ ಸ್ಟೀಲಿನ ಸಾಧನ. ಗಿರಾಕಿ ಹಳೆಯ ಬೇರಿಂಗು ತಂದರೆ ಪಪ್ಪ ಅದನ್ನು ಅಳೆಯದೆ ಹೊಸದನ್ನು ಕೊಡುತ್ತಿರಲಿಲ್ಲ. 'ಹತ್ತಿರ ಹತ್ತಿರ ಇದ್ದರೆ ಸಾಕು' ಎಂದವರನ್ನು ವಾಪಸು ಕಳಿಸುತ್ತಿದ್ದರು. ಇದು ಮನೆಯೊಳಗೂ ಬರುತ್ತಿತ್ತು. ಕುಚ್ಚಲಕ್ಕಿಯ ನೀರಿಗೆ ಅಳತೆ, ನನ್ನ ಪೆನ್ಸಿಲಿನ ಮೊನೆಗೆ ಅಳತೆ, ಎ.ಸಿ.ಯ ಗಂಟೆಗೆ ಅಳತೆ. ಮಮ್ಮಿ ಇದನ್ನು ಸಹಿಸುತ್ತಿದ್ದರು, ಒಮ್ಮೊಮ್ಮೆ ಸಹಿಸುತ್ತಿರಲಿಲ್ಲ. ನನಗೆ ಮಾತ್ರ ಅದರಲ್ಲಿ ಒಂದು ಭದ್ರತೆ ಇತ್ತು. ತಗಡಿನ ಮನೆಯಲ್ಲಿ ಗಟ್ಟಿಯಾಗಿ ಇದ್ದದ್ದು ಪಪ್ಪನ ಅಳತೆಯೊಂದೇ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ ಗೊತ್ತಿಲ್ಲ.

ಆ ಬೇಸಿಗೆಯಲ್ಲಿ ದೊಡ್ಡಿಯ ಆಡುಗಳು ಒಂದೊಂದಾಗಿ ಸತ್ತವು. ಬೆಳಿಗ್ಗೆ ನೋಡಿದರೆ ಹೊಟ್ಟೆ ಬಗೆದು ಬಿದ್ದಿರುತ್ತಿದ್ದವು. ಆಡು ನೋಡಿಕೊಳ್ಳುತ್ತಿದ್ದ ಮುರಾದ್ ಎಂಬ ಬಲೂಚಿ ಮುದುಕ ಹೆಜ್ಜೆ ನೋಡಿ ಇದು ನಾಯಿಯದ್ದಲ್ಲ, ದೀಬ್ ಅಂದ. ದೀಬ್ ಅಂದರೆ ತೋಳ. ಅರ್ಬಾಬರ ಮಗ ಹಮದ್ ಆಗ ರಜೆಗೆ ಬಂದಿದ್ದ. ಹೊರದೇಶದಲ್ಲಿ ಓದುತ್ತಿದ್ದವನು, ಬರುವಾಗ ಕೋವಿಗಳ ದಪ್ಪ ಕ್ಯಾಟಲಾಗೊಂದನ್ನು ತಂದಿದ್ದ. ಕೋವಿ ತರಿಸುವುದೆಂದು ಅಪ್ಪ, ಮಗ ತೀರ್ಮಾನಿಸಿದರು. ಪರವಾನಗಿ ಅವರಿಗೆ ಸಿಗುತ್ತಿತ್ತು, ಅದು ಅವರ ವ್ಯವಹಾರ. ಯಾವ ಬೋರಿನದು, ಅಂದರೆ ನಳಿಗೆಯ ಒಳಗಿನ ಅಗಲ ಎಷ್ಟು, ಎಂಬ ಪ್ರಶ್ನೆ ಬಂದಾಗ ಅರ್ಬಾಬ್ ಕ್ಯಾಟಲಾಗನ್ನು ಪಪ್ಪನ ಕೈಗೆ ಕೊಟ್ಟರಂತೆ: ನಂಬರು ನೋಡುವುದು ನಿನ್ನ ಕೆಲಸ, ನೀನು ಹೇಳು. ಹನ್ನೊಂದು ವರ್ಷದ ನೌಕರಿಯಲ್ಲಿ ಅರ್ಬಾಬ್ ಪಪ್ಪನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಪಪ್ಪ ಆ ಸಂಜೆ ಮನೆಗೆ ಬಂದವರು ಚಪ್ಪಲಿ ಬಿಚ್ಚುವ ಮೊದಲೇ ಕ್ಯಾಟಲಾಗನ್ನು ಮೇಜಿನ ಮೇಲೆ, ಶಿಲುಬೆಯ ಕೆಳಗೆ, ಜಪಸರ ಇಡುವ ಜಾಗದಲ್ಲಿ ಇಟ್ಟರು.

ಹದಿನೈದು ದಿನ ನಮ್ಮ ಊಟ ಆ ಪುಸ್ತಕದ ಜೊತೆ ನಡೆಯಿತು. ಇಂಗ್ಲಿಷು ಓದಿ ಹೇಳುವುದು ನನ್ನ ಕೆಲಸ. ಪುಸ್ತಕದ ಹಿಂಭಾಗದಲ್ಲಿ ಒಂದು ಪಟ್ಟಿ: ಎಡಗಡೆ ಪ್ರಾಣಿಯ ಹೆಸರು, ಬಲಗಡೆ ಅದಕ್ಕೆ ತಕ್ಕ ಬೋರು. ತೋಳ ಎಂಬ ಸಾಲಿನಲ್ಲಿ ತ್ರೀ ನಾಟ್ ಏಟ್ ಮತ್ತು ಅದಕ್ಕಿಂತ ದೊಡ್ಡವು ಇದ್ದವು. ಪಪ್ಪನಿಗೆ ಸಮಾಧಾನವಾಗಲಿಲ್ಲ. ಆ ಪುಸ್ತಕದ ತೋಳ ಎಷ್ಟು ತೂಕ ಎಂದು ಹುಡುಕಿಸಿದರು. ನಲವತ್ತು ಕಿಲೋದ ಮೇಲೆ ಎಂದಿತ್ತು. ಮುರಾದನನ್ನು ಕೇಳಿದರೆ ನಮ್ಮದು ಎತ್ತಿಕೊಂಡು ನಡೆಯಬಹುದಾದಷ್ಟು, ಇಪ್ಪತ್ತೂ ಇರಲಿಕ್ಕಿಲ್ಲ ಅಂದ. ಹಾಗಾದರೆ ಅದು ಈ ಸಾಲಿನದ್ದಲ್ಲ ಎಂದು ಪಪ್ಪ ಬೆರಳನ್ನು ಪಟ್ಟಿಯಲ್ಲಿ ಮೇಲಕ್ಕೆ ಜಾರಿಸಿದರು. ಬೆರಳು ಒಂದು ಹೆಸರಿನ ಮೇಲೆ ನಿಂತಿತು: ಕೊಯೋಟಿ. ನಾವ್ಯಾರೂ ಕೇಳಿರದ ಪ್ರಾಣಿ. ನಾನು ಶಾಲೆಯ ಡಿಕ್ಷನರಿ ತಂದೆ. ಉತ್ತರ ಅಮೆರಿಕದ ಬಯಲಿನ ಸಣ್ಣ ತೋಳ. ತೂಕ ಸರಿಹೊಂದಿತು, ಬಯಲು ಸರಿಹೊಂದಿತು, ಆಡು, ಕುರಿ ಕದಿಯುವ ಚಾಳಿಯೂ ಸರಿಹೊಂದಿತು. ಅದರ ಎದುರು ಬರೆದದ್ದು ಪಾಯಿಂಟ್ ಟೂ ಟೂ ಟೂ. ಪಪ್ಪ ಅದನ್ನು ತ್ರಿಬಲ್ ಟೂ ಎಂದು ಕರೆದರು. ಒಂದು ಹಾಳಾದ ಬೇರಿಂಗಿಗೆ ಬೇರೆ ಕಂಪೆನಿಯ ಸರಿಯಾದ ನಂಬರು ಸಿಕ್ಕಾಗ ಇರುತ್ತಿದ್ದ ಮುಖ ಅವರದ್ದು.

ಮರುದಿನ ಸ್ಟೋರಿನಿಂದ ಎರಡು ಡ್ರಿಲ್ ಬಿಟ್ಟು ತಂದು ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಇದು ತ್ರಿಬಲ್ ಟೂ, ಐದೂವರೆ ಮಿಲಿಮೀಟರ್ ಅಂತ ಹೇಳು. ಇದು ತ್ರೀ ನಾಟ್ ಏಟ್, ಏಳೂವರೆ."

"ಊಟದ ಮೇಜಿಗೆ ಕಬ್ಬಿಣ ಎಂತಕ್ಕೆ? ಗ್ರೀಸು ಉಂಟು ಅದರಲ್ಲಿ," ಅಂದರು ಮಮ್ಮಿ.

"ಕಬ್ಬಿಣ ಅಲ್ಲ ಮಾರಾಯ್ತಿ, ಹೈಸ್ಪೀಡ್ ಸ್ಟೀಲು."

"ಎಂತದೋ ಒಂದು. ಸಾರಿನ ಪಾತ್ರೆ ಇಡ್ಲಿಕ್ಕೆ ಜಾಗ ಬೇಕು, ತೆಗೀರಿ. ಎರಡು ಮಿಲಿಮೀಟರಿಗೆ ಹದಿನೈದು ದಿನ ಮಾತಾಡಿದ್ರಿ. ದೊಡ್ಡದು ತಕೊಂಡ್ರೆ ಬೇಗ ಸಾಯ್ತದೆ, ಆಯ್ತಲ್ಲ."

"ಸಾಯುದಲ್ಲ ಪ್ರಶ್ನೆ, ಸಿಸಿಲ್. ತಾಗದಿದ್ರೆ ಎಂತ ಆಗ್ತದೆ, ಅದು ಪ್ರಶ್ನೆ. ಸಣ್ಣ ಗುಂಡು ಹಗುರ, ಭಾರಿ ಜೋರು ಹೋಗ್ತದೆ. ಕಲ್ಲಿಗೆ ತಾಗಿದ್ರೆ ಪುಡಿ ಪುಡಿ. ದೊಡ್ಡದು ಪುಡಿ ಆಗುದಿಲ್ಲ, ಹಾರ್ತದೆ. ನಾವು ಹೊಳೆಯಲ್ಲಿ ಚಪ್ಪಟೆ ಕಲ್ಲು ಬಿಸಾಡಿ ಹಾರಿಸ್ತಿರ್ಲಿಲ್ವಾ, ಹಾಗೆ."

"ಹಾರಿ ಎಲ್ಲಿಗೆ ಹೋಗ್ತದೆ?"

"ಎಲ್ಲಿಗಾದ್ರೂ."

"ಎಲ್ಲಿಗಾದ್ರೂ ಅಂತ ಹೇಳ್ಬೇಡಿ. ಅವ್ರು ತಾರಸಿಯಲ್ಲಿ ನಿಂತು ಹೊಡಿಯುದು. ತೋಳ ಇರುದು ದೊಡ್ಡಿ ಹತ್ರ. ಅದರ ಹಿಂದೆ ಇರುದು ನನ್ನ ಅಡಿಗೆಕೋಣೆ. ನಿಮ್ಮ ಪಟ್ಟಿಯಲ್ಲಿ ಪ್ರಾಣಿ ಉಂಟು, ಕೋವಿ ಉಂಟು. ಹಿಂದೆ ಯಾರು ನಿಂತಿದ್ದಾರೆ ಅಂತ ಒಂದು ಕಾಲಮ್ ಉಂಟಾ?"

ಪಪ್ಪ ಡ್ರಿಲ್ ಬಿಟ್ಟುಗಳನ್ನು ಮೇಜಿನಿಂದ ತೆಗೆದರು. ಆಮೇಲೆ ಊರಿನ ಕತೆ ಹೇಳಿದರು. ಅಜ್ಜನ ಹತ್ತಿರ ಲೈಸೆನ್ಸಿನ ಕೇಪಿನ ಕೋವಿ ಇತ್ತು, ಗದ್ದೆಗೆ ಬರುವ ಹಂದಿ ಓಡಿಸಲು. ಹಂದಿ ಎದುರಿಗೇ ನಿಂತರೂ ಅದರ ಹಿಂದೆ ಏನಿದೆ ಎಂದು ತಿಳಿಯದೆ ಅಜ್ಜ ಈಡು ಹಾಕುತ್ತಿರಲಿಲ್ಲವಂತೆ. ಹಾಗೆ ಕಾಯುತ್ತಾ ಎಷ್ಟೋ ಹಂದಿ ತಪ್ಪಿಸಿಕೊಂಡು ಊರವರು ನಗುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಪಪ್ಪ ಗ್ರಾಫ್ ಹಾಳೆ ತೆಗೆದು ಒಂದು ನಕ್ಷೆ ಬರೆದರು. ಅರ್ಬಾಬರ ಮನೆ, ದೊಡ್ಡಿ, ಬಯಲು, ನಮ್ಮ ಕ್ಯಾಬಿನ್ನು. ಅಡುಗೆಕೋಣೆಯನ್ನು ನನ್ನ ಕೆಂಪು ಪೆನ್ಸಿಲಿನಿಂದ ತುಂಬಿಸಿದರು. ಮಮ್ಮಿ ಅದನ್ನು ನೋಡಿ ಪಪ್ಪನ ತಟ್ಟೆಗೆ ಇನ್ನೊಂದು ಮೀನು ಹಾಕಿದರು. ನಮ್ಮ ಮನೆಯಲ್ಲಿ ಜಗಳ ಮುಗಿದದ್ದಕ್ಕೆ ಅದೇ ಗುರುತು.

ಗುರುವಾರ ಮಧ್ಯಾಹ್ನ ಪಪ್ಪ ಬಿಳಿ ಅಂಗಿ ಹಾಕಿಕೊಂಡು, ನಕ್ಷೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಕ್ಯಾಟಲಾಗು ಹಿಡಿದು ಅರ್ಬಾಬರ ಮಜ್ಲಿಸಿಗೆ, ಬಂದವರನ್ನು ಕೂರಿಸುವ ಹಜಾರಕ್ಕೆ, ಹೋದರು. ಹಮದ್ ವೇಗವಾಗಿ ಇಂಗ್ಲಿಷು ಮಾತಾಡುತ್ತಾನೆಂದು ನನ್ನನ್ನೂ ಕರೆದುಕೊಂಡು ಹೋದರು. ಕೆಂಪು ಜಮಖಾನೆ, ಗೋಡೆಗೆ ಒರಗಿಸಿದ ದಿಂಬುಗಳು, ಖರ್ಜೂರದ ತಟ್ಟೆ, ಕಹವಾ ಕಾಫಿಯ ಸಣ್ಣ ಕಪ್ಪುಗಳು. ನನ್ನ ಎಡಗಾಲಿನ ಸಾಕ್ಸಿನಲ್ಲಿ ತೂತಿತ್ತು, ಅದನ್ನು ಬಲಗಾಲಿನಿಂದ ಮುಚ್ಚಿ ಕುಳಿತಿದ್ದೆ. ಅರ್ಬಾಬ್ ಯಾರ ಜೊತೆಯೋ ಫೋನಿನಲ್ಲಿ ಮಾತಾಡುತ್ತಿದ್ದವರು ರಿಸೀವರನ್ನು ಕಿವಿಯಿಂದ ಸ್ವಲ್ಪ ಸರಿಸಿ ಕೇಳಿದರು.

"ಯಲ್ಲಾ ಲಿಗೋರಿ, ಯಾವುದು?"

"ತ್ರಿಬಲ್ ಟೂ, ಅರ್ಬಾಬ್."

ಅರ್ಬಾಬ್ ತಲೆಯಾಡಿಸಿ ಮತ್ತೆ ಫೋನಿಗೆ ಹೋದರು. ಹಮದ್ ಕ್ಯಾಟಲಾಗು ತಿರುವಿದ.

"ತೋಳದ ಸಾಲಿನಲ್ಲಿ ಅದಿಲ್ಲವಲ್ಲ."

"ಇಲ್ಲಿಯ ತೋಳ ಸಣ್ಣದು. ಕೊಯೋಟಿ ಸಾಲಿನಲ್ಲಿ ನೋಡಬೇಕು," ಅಂದರು ಪಪ್ಪ.

"ಕೊಯೋಟಿ ಅಂದರೆ ಏನೆಂದು ನಿನಗೆ ಗೊತ್ತಾ ಲಿಗೋರಿ?"

ಪಪ್ಪ ನನ್ನ ಕಡೆ ನೋಡಿದರು. ನಾನು ಡಿಕ್ಷನರಿಯ ಸಾಲನ್ನು ಬಾಯಿಪಾಠ ಒಪ್ಪಿಸಿದೆ.

"ಒಳ್ಳೆಯದು," ಅಂದ ಹಮದ್. "ನಿನ್ನ ಅಪ್ಪ ಮಬೇಲಾದಲ್ಲಿ ಅಮೆರಿಕದ ಪ್ರಾಣಿ ಹುಡುಕುತ್ತಿದ್ದಾನೆ. ಲಿಗೋರಿ, ಈ ಗುಂಡು ಇಲಿಗೆ ಸಾಕು. ನಿನ್ನ ಸ್ಟೋರಿನಲ್ಲಿ ಇಲಿ ಬಹಳ ಅಂತ ಕೇಳಿದ್ದೇನೆ, ನಿನಗೊಂದು ತರಿಸಿಕೊಡುತ್ತೇನೆ."

ಎಲ್ಲರೂ ನಕ್ಕರು. ಪಪ್ಪ ಕಪ್ಪನ್ನು ಜಮಖಾನೆಯ ಮೇಲೆ ಇಟ್ಟರು. ಜೇಬಿನ ಕಡೆಗೆ ಹೋದ ಕೈ ಅಲ್ಲಿ ಒಂದು ಕ್ಷಣ ನಿಂತು ವಾಪಸು ಬಂತು. ನಕ್ಷೆ ಹೊರಗೆ ಬರಲಿಲ್ಲ. "ತ್ರೀ ನಾಟ್ ಏಟೂ ಆಗ್ತದೆ," ಅಂದರು. "ಅದೇ ಒಳ್ಳೆಯದು." ಅಷ್ಟೇ. ಹದಿನೈದು ದಿನದ ಲೆಕ್ಕ ಹದಿನೈದು ಸೆಕೆಂಡಿನಲ್ಲಿ ಮುಗಿಯಿತು. ನಾವು ಇಬ್ಬರೂ ಬಿಸಿಲಿನಲ್ಲಿ, ದೊಡ್ಡಿಯ ಪಕ್ಕದಿಂದ, ಕಲ್ಲುಬಯಲನ್ನು ದಾಟಿ ಮನೆಗೆ ಬಂದೆವು.  ಗುಂಡು ಬರಲಿದ್ದ ದಾರಿಯಲ್ಲಿಯೇ ನಡೆದೆವು ಎಂದು ಬರೆಯಲು ಕೈ ಎಳೆಯುತ್ತದೆ, ಆದರೆ ಇನ್ನೊಂದು ದಾರಿಯೂ ಇತ್ತು, ಯಾವುದರಲ್ಲಿ ಬಂದೆವೋ ಖಾತ್ರಿಯಿಲ್ಲ.

"ಆಯ್ತಾ? ಸಣ್ಣದೇ ಅಲ್ವಾ?" ಮಮ್ಮಿ ಬಾಗಿಲಲ್ಲೇ ಕೇಳಿದರು.

"ಅವರ ಕೋವಿ. ಅವರಿಗೆ ಬೇಕಾದ್ದು ತಕೊಳ್ತಾರೆ."

"ನಕ್ಷೆ ತೋರಿಸಿದ್ರಾ?"

"ಬಿಸಿಲಲ್ಲಿ ಬಂದಿದ್ದೇನೆ. ನೀರು ಕೊಡು."

ಮಮ್ಮಿ ನೀರು ಕೊಟ್ಟರು. ಆಮೇಲೆ ನನ್ನನ್ನು ಕೇಳಿದರು. ನಾನು ನಡೆದದ್ದನ್ನು ಹೇಳಿದೆ, ಅಥವಾ ಹೇಳಿದೆ ಎಂದು ಮಮ್ಮಿ ಈಗ ಹೇಳುತ್ತಾರೆ. ಮರುದಿನ ಒಲೆಯನ್ನು ಇನ್ನೊಂದು ಗೋಡೆಗೆ ಸರಿಸಲು ನೋಡಿದರು. ಗ್ಯಾಸಿನ ಪೈಪು ಗಿಡ್ಡ, ಆಗಲಿಲ್ಲ. ಉದ್ದದ ಪೈಪು ತನ್ನಿ ಎಂದರು. ಪಪ್ಪ ತರುತ್ತೇನೆ ಎಂದರು. ಸ್ಪೇರ್ ಪಾರ್ಟ್ಸ್ ಸ್ಟೋರಿನ ಮನುಷ್ಯನಿಗೆ ಎರಡು ಮೀಟರ್ ರಬ್ಬರ್ ಪೈಪು ನಾಲ್ಕು ತಿಂಗಳು ಸಿಗಲಿಲ್ಲ. ಪೈಪು ತಂದರೆ ಭಯ ಇದೆ ಎಂದು ಒಪ್ಪಿಕೊಂಡಂತೆ, ಅದಕ್ಕೇ ತರಲಿಲ್ಲ ಎಂದು ನಾನು ದೊಡ್ಡವಳಾದ ಮೇಲೆ ಬರೆದುಕೊಂಡಿದ್ದೇನೆ. ಈ ತರಹದ ಮನಶ್ಶಾಸ್ತ್ರವನ್ನು ಓದಿದ ಹೆಣ್ಣುಮಕ್ಕಳು ಅಪ್ಪಂದಿರ ಮೇಲೆ ಸುಲಭವಾಗಿ ಹೊರಿಸುತ್ತಾರೆ. ಮರೆತೂ ಇರಬಹುದು. ಆದರೆ ಪಪ್ಪ ಏನನ್ನೂ ಮರೆಯುವವರಾಗಿರಲಿಲ್ಲ.

ಕೋವಿ ಬಂದದ್ದು ಚಳಿ ಶುರುವಾದ ಮೇಲೆ. ಹಮದ್ ಮತ್ತೆ ರಜೆಗೆ ಬಂದ. ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ, ಜಪಸರ ಹಿಡಿದು ಹೇಳುವ ತೆರ್ಸ್, ತಪ್ಪುತ್ತಿರಲಿಲ್ಲ. ದೂರದ ಮಸೀದಿಯಿಂದ ಮಗ್ರಿಬ್ ಬಾಂಗು ಕೇಳಿದ ಕೂಡಲೇ ನಾವು ನಡುವಿನ ಕೋಣೆಯಲ್ಲಿ ಮಂಡಿಯೂರುತ್ತಿದ್ದೆವು. ಅದು ಮುಗಿದ ಮೇಲೆ ಮಕ್ಕಳು ದೊಡ್ಡವರ ಮುಂದೆ ಕೈಮುಗಿದು ನಿಂತು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. 'ಬೆಸಾಂವ್ ದಿ ಪಪ್ಪಾ' ಎಂದರೆ ಪಪ್ಪ ಹಣೆ ಮುಟ್ಟಿ 'ದೇವ್ ಬೆಸಾಂವ್ ದೀಂವ್' ಎನ್ನುತ್ತಿದ್ದರು. ಅದಾದ ಮೇಲೆಯೇ ಊಟ. ಆ ಸಂಜೆ ಮಮ್ಮಿ ಅನ್ನದ ಕುಕ್ಕರನ್ನು ಒಲೆಯ ಮೇಲೆಯೇ ಆರಲು ಬಿಟ್ಟು ಬಂದು ಮಂಡಿಯೂರಿದ್ದರು. ಜಪಸರದ ಹತ್ತು ಮಣಿಗೆ ಒಂದು ದಶಕ, ಒಟ್ಟು ಐದು. ನಾಲ್ಕನೆಯ ದಶಕದಲ್ಲಿ ಸಾಮಾನ್ಯವಾಗಿ ಎದ್ದುಹೋಗಿ ಸಾರು ಬಿಸಿಗೆ ಇಟ್ಟು ಬರುವುದು ಅವರ ರೂಢಿ. ಅವತ್ತು ನಾಲ್ಕನೆಯದು ನಡೆಯುತ್ತಿತ್ತು. ಹೊರಗೆ ದೂರದಲ್ಲಿ ಒಂದು ಸದ್ದು, ಅದರ ಬೆನ್ನಿಗೇ ಅಡುಗೆಕೋಣೆಯಲ್ಲಿ ಇನ್ನೊಂದು. ಮಮ್ಮಿ ಆಗಷ್ಟೇ ಒಂದು ಕಾಲೂರಿ ಏಳುತ್ತಿದ್ದರು ಎಂದು ನನ್ನ ನೆನಪು. ತಾನಿನ್ನೂ ಎರಡೂ ಮಂಡಿಯ ಮೇಲಿದ್ದೆ ಎಂದು ಮಮ್ಮಿಯ ನೆನಪು. ಪಪ್ಪ ಕೊನೆಯವರೆಗೂ ಹೇಳಿದ್ದು ಇದು ಐದನೆಯ ದಶಕದಲ್ಲಿ ಆದದ್ದು ಎಂದು; ಹಾಗಿದ್ದರೆ ಮಮ್ಮಿ ಹೋಗಿ ಬಂದಾಗಿತ್ತು, ಅಪಾಯವೇ ಇರಲಿಲ್ಲ.

ತಗಡಿನಲ್ಲಿ, ಮಮ್ಮಿ ನಿಂತರೆ ಎದೆ ಬರುವ ಎತ್ತರದಲ್ಲಿ, ಒಂದು ತೂತು. ಕುಕ್ಕರು ನೆಲದ ಮೇಲೆ ಬಿದ್ದಿತ್ತು. ಅದರ ಒಂದು ಬದಿ ಹರಿದಿತ್ತು, ಎದುರು ಬದಿ ಒಳಗಿನಿಂದ ಉಬ್ಬಿತ್ತು. ಗುಂಡು ಅನ್ನದೊಳಗೆ ಇತ್ತು. ಮಮ್ಮಿ ಅದನ್ನು ಸೌಟಿನಲ್ಲಿ ತೆಗೆದು ತಟ್ಟೆಗೆ ಹಾಕಿ ಪಪ್ಪನ ಜಾಗದ ಮುಂದೆ ಇಟ್ಟರು. ಪಪ್ಪ ಅರ್ಬಾಬರ ಮನೆಗೆ ಹೋಗಿ ಅರ್ಧ ಗಂಟೆಯಲ್ಲಿ ವಾಪಸು ಬಂದರು.

"ತೋಳಕ್ಕೆ ತಾಗಲಿಲ್ಲವಂತೆ. ಅದರ ಬೆನ್ನ ಮೇಲಿಂದ ಹೋಗಿ ಕಲ್ಲಿಗೆ ತಾಗಿ ಹಾರಿದ್ದು. ಹಮದ್ ಸಾರಿ ಹೇಳಿದ."

"ಅರ್ಬಾಬ್ ಎಂತ ಹೇಳಿದ್ರು?"

"ಈ ಕೋವಿ ಯಾರು ಆರಿಸಿದ್ದು ಅಂತ ಕೇಳಿದ್ರು."

"ನೀವು?"

"ಹಮದ್ ನನ್ನ ಹೆಸರು ಹೇಳಿದ. ಹೌದು ಅಂದೆ. ಅಲ್ಲ ಅಂತ ಹೇಗೆ ಹೇಳುದು, ನಾನೇ ಅಲ್ವಾ ಹೇಳಿದ್ದು? ದೇವರು ಕಾಪಾಡಿದ ಸಿಸಿಲ್. ನಾವು ತೆರ್ಸಿನಲ್ಲಿ ಇದ್ದೆವು. ಹೊರಗೆ ಯಾರಿಗೂ ಹೇಳುದು ಬೇಡ."

"ದೇವರನ್ನು ಇದಕ್ಕೆ ತರಬೇಡಿ," ಅಂದರು ಮಮ್ಮಿ. "ಬೋರು ಆರಿಸಿದ್ದು ದೇವರಲ್ಲ. ಖಲಾಸ್. ಐರಿನ್‌ಳ ಪರೀಕ್ಷೆ ಮುಗಿದ ಕೂಡಲೇ ನಾವು ಊರಿಗೆ. ಮತ್ತೆ ಬರುದಿಲ್ಲ."

ಪಪ್ಪ ಅರ್ಧಕ್ಕೆ ನಿಂತ ಪ್ರಾರ್ಥನೆಯನ್ನು ಮುಗಿಸೋಣ ಎಂದರು. ಮುಗಿಸಿದೆವು. ನಾನು ಮಮ್ಮಿಯ ಮುಂದೆ ಕೈಮುಗಿದು ಬೆಸಾಂವ್ ಕೇಳಿದೆ. ಪಪ್ಪನ ಕೈ ಆಗಲೇ ಅರ್ಧ ಎದ್ದಿತ್ತು. ನಾನು ಅವರನ್ನು ದಾಟಿ ಹೋಗಿ ಕುಬ್ಬೂಸ್ ರೊಟ್ಟಿಯ ಪೊಟ್ಟಣ ಬಿಚ್ಚಿದೆ, ಅನ್ನ ಇರಲಿಲ್ಲವಲ್ಲ. ಅವರು ಕರೆಯಲಿಲ್ಲ. ಮರುದಿನವೂ ನಾನು ಕೇಳಲಿಲ್ಲ, ಅದರ ಮರುದಿನವೂ. ಊರಿಗೆ ಹೊರಡುವವರೆಗೆ ಪ್ರತಿ ಸಂಜೆ ಆ ಕೈ ಅರ್ಧ ಎದ್ದು ಇಳಿಯುತ್ತಿತ್ತು. ಹತ್ತು ವರ್ಷದ ಹುಡುಗಿಯ ಹತ್ತಿರ ಅಷ್ಟು ಕ್ರೌರ್ಯ ಎಲ್ಲಿಂದ ಬಂತೋ. ಪಪ್ಪ ತೂತಿಗೆ ಅಲ್ಯೂಮಿನಿಯಮ್ ತುಂಡು ಕತ್ತರಿಸಿ, ನಾಲ್ಕು ಮೂಲೆಗೆ ಸಮ ದೂರದಲ್ಲಿ ರಿವೆಟ್ಟು ಹೊಡೆದರು. ಬಹಳ ಚಂದದ ಕೆಲಸ. ನನಗೆ ಆ ಚಂದ ನೋಡಿಯೇ ಹೆಚ್ಚು ಸಿಟ್ಟು ಬಂದದ್ದು. ತೋಳವನ್ನು ಯಾರೂ ಕೊಲ್ಲಲಿಲ್ಲ. ಮುರಾದ್ ದೊಡ್ಡಿಯ ಬೇಲಿಯನ್ನು ಎರಡು ಮೊಳ ಎತ್ತರಿಸಿದ, ಅದು ಬರುವುದನ್ನು ಬಿಟ್ಟಿತು.

ಮಮ್ಮಿ, ನಾನು ಉಡುಪಿಯಲ್ಲಿ ಬಾಡಿಗೆ ಮನೆ ಮಾಡಿದೆವು, ಪಪ್ಪ ಮಬೇಲಾದಲ್ಲೇ ಉಳಿದರು. ಮಮ್ಮಿ ಲಗೇಜಿನಲ್ಲಿ ಆ ಕುಕ್ಕರನ್ನು ತಂದಿದ್ದರು, ಬೇರೆ ಪಾತ್ರೆಗಳನ್ನು ಬಿಟ್ಟು. ಅಡುಗೆಕೋಣೆಯ ಕಪಾಟಿನ ಮೇಲೆ ಹರಿದ ಬದಿ ಹೊರಗೆ ಕಾಣುವ ಹಾಗೆ ಇಟ್ಟರು. ಎರಡು ವರ್ಷಕ್ಕೊಮ್ಮೆ ಪಪ್ಪ ರಜೆಗೆ ಬಂದಾಗ ಅದರ ಎದುರೇ ಕುಳಿತು ಉಣ್ಣಬೇಕಿತ್ತು. ಮೊದಲ ರಜೆಯ ಮೊದಲ ಬೆಳಿಗ್ಗೆ ನಾನು ಎದ್ದು ಬರುವಾಗ ಪಪ್ಪ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಗುಂಡು ಓರೆಯಾಗಿ ಬಂದದ್ದರಿಂದ ತೂತು ಉದ್ದಕ್ಕಿತ್ತು. ಪಪ್ಪ ವರ್ನಿಯರನ್ನು ಅದರ ಕಿರಿದಾದ ಕಡೆಗೆ ಹಿಡಿದಿದ್ದರು.

"ಎಷ್ಟು?" ಅಂದೆ. ಎರಡು ವರ್ಷದಲ್ಲಿ ನಾನಾಗಿ ಅವರಲ್ಲಿ ಕೇಳಿದ ಮೊದಲ ಪ್ರಶ್ನೆ.

"ಏಳು ಪಾಯಿಂಟ್ ಎಂಟು."

"ತ್ರಿಬಲ್ ಟೂ ಆಗಿದ್ರೆ ಇಲ್ಲಿಗೆ ಮುಟ್ತಿತ್ತಾ?"

"ಇಲ್ಲ. ಕಲ್ಲಿಗೆ ತಾಗಿ ಪುಡಿ ಆಗ್ತಿತ್ತು."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಐರಿ." ವರ್ನಿಯರನ್ನು ಮುಚ್ಚಿ ಜೇಬಿಗೆ ಹಾಕಿದರು. "ಅವತ್ತು ನಿಮ್ಮ ವೀಸಾದ ಫೈಲು ಅರ್ಬಾಬರ ಮುಂದೆ ಇತ್ತು. ರಿನ್ಯೂವಲ್ಲಿಗೆ ಸಹಿ ಆಗ್ಲಿಕ್ಕೆ. ನಾನು ಅವರ ಮಗನ ಹತ್ರ ವಾದ ಮಾಡಿ, ಅವ್ರು 'ಹೆಂಡತಿ ಮಕ್ಕಳನ್ನು ಊರಿಗೆ ಕಳಿಸು' ಅಂದಿದ್ರೆ?"

ಆ ಸಂಜೆ ತೆರ್ಸಿನ ನಂತರ ನಾನು ಪಪ್ಪನ ಮುಂದೆ ಕೈಮುಗಿದು ನಿಂತೆ. ಅವರು ನನ್ನ ಹಣೆ ಮುಟ್ಟಿದರು. ಮಮ್ಮಿ ನೋಡದ ಹಾಗೆ ಮುಖ ತಿರುಗಿಸಿದರು. ನಮ್ಮನ್ನು ಜೊತೆಗೆ ಇಟ್ಟುಕೊಳ್ಳಲು ಪಪ್ಪ ತಲೆಬಾಗಿದರು, ಅದರಿಂದಲೇ ನಮ್ಮನ್ನು ಕಳೆದುಕೊಂಡರು ಎಂಬ ಕತೆಯೊಂದು ನನಗೆ ಸಿಕ್ಕಿತ್ತು. ಅದನ್ನು ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡೆ. ವಿಶ್ವವಿದ್ಯಾಲಯದಲ್ಲಿ ಗೆಳತಿಯರಿಗೆ ಹೇಳಿದೆ, ಗಂಡನಿಗೆ ಹೇಳಿದೆ, ಪಪ್ಪ ಮತ್ತೆ ಒಂಬತ್ತು ವರ್ಷ ಅಲ್ಲಿ ಒಬ್ಬರೇ ದುಡಿದು ಬಂದು ತೀರಿಕೊಂಡಾಗ ಶವಪೆಟ್ಟಿಗೆಯ ಪಕ್ಕ ನಿಂತು ನನಗೆ ನಾನೇ ಹೇಳಿಕೊಂಡೆ. ಒಂದೇ ತೊಂದರೆ ಇತ್ತು. ಮಜ್ಲಿಸಿನ ಆ ಜಮಖಾನೆಯ ಮೇಲೆ ನನಗೆ ಎಲ್ಲವೂ ಕಾಣುತ್ತಿತ್ತು, ಖರ್ಜೂರದ ಬೀಜಗಳು ಸಹಾ. ಫೈಲು ಕಾಣುತ್ತಿರಲಿಲ್ಲ. ನನ್ನ ನೆನಪಿನ ದೋಷ ಎಂದುಕೊಂಡೆ. ಮೂರನೆಯ ನೋಟ್‌ಬುಕ್ಕಿನಲ್ಲಿ ನೀಲಿ ಬಣ್ಣದ ಫೈಲೊಂದನ್ನು ಬರೆದೂ ಇಟ್ಟಿದ್ದೇನೆ.

ಕಳೆದ ತಿಂಗಳು ಸಿಕ್ಕಿದ್ದು ಮಮ್ಮಿಯ ಹಳೆಯ ಪಾಸ್‌ಪೋರ್ಟು, ನನ್ನ ಹೆಸರೂ ಅದರಲ್ಲೇ ಸೇರಿದೆ. ಆ ವರ್ಷದ ವೀಸಾ ಮುದ್ರೆ ಫೆಬ್ರವರಿಯದ್ದು, ಎರಡು ವರ್ಷಕ್ಕೆ. ಹಮದ್ ಕ್ಯಾಟಲಾಗು ಹಿಡಿದು ಬಂದದ್ದು ಬೇಸಿಗೆ ರಜೆಯಲ್ಲಿ. ಮಮ್ಮಿಯ ಹತ್ತಿರ ಹೋಗಿ ತೋರಿಸಿದೆ.

"ಹೌದಲ್ಲ, ಈಸ್ಟರಿಗೆ ಮೊದಲೇ ಆಗಿತ್ತು. ಫೋಟೋ ತೆಗೆಸ್ಲಿಕ್ಕೆ ನಾವಿಬ್ರೂ ಹೋಗ್ಲಿಲ್ವಾ? ನೀನು ಕಣ್ಣು ಮುಚ್ಚಿ ಎರಡು ಸಲ ತೆಗೆದ್ರು."

"ಪಪ್ಪ ಫೈಲಿನ ವಿಷಯ ಹೇಳಿದ್ದಾಗ ನಿಮಗೆ ಗೊತ್ತಿತ್ತಾ ಅದು ಸುಳ್ಳು ಅಂತ?"

"ಗೊತ್ತಿತ್ತು. ನೀನು ಅವರ ಹತ್ರ ಮಾತಾಡ್ಲಿಕ್ಕೆ ಶುರು ಮಾಡಿದ್ದಿ. ಸಾಕಲ್ಲ ಅಂತ ಸುಮ್ಮನಿದ್ದೆ."

ಹಾಗಾದರೆ ಪಪ್ಪ ಬಗ್ಗಿದ್ದು ಯಾವುದಕ್ಕೆ? ಅರ್ಬಾಬ್ ಬೆದರಿಸಲಿಲ್ಲ. ತ್ರಿಬಲ್ ಟೂ ಎಂದಾಗ ತಲೆಯಾಡಿಸಿದ್ದರು, ಅಷ್ಟಕ್ಕೆ ಮುಗಿಯಬಹುದಿತ್ತು. ಒಂದು ಮಿಲಿಮೀಟರಿಗೆ ಗಿರಾಕಿಯನ್ನು ವಾಪಸು ಕಳಿಸುವ ಮನುಷ್ಯ ಒಂದು ತಮಾಷೆಗೆ ಎರಡು ಮಿಲಿಮೀಟರ್ ಬಿಟ್ಟುಕೊಟ್ಟು, ಹೆಂಡತಿಯ ಎದೆಯ ಎತ್ತರಕ್ಕೆ ಗುಂಡು ತರಿಸಿ, ಆಮೇಲೆ ಇಲ್ಲದ ಫೈಲೊಂದನ್ನು ಕಟ್ಟಿ ಮಗಳ ಕೈಮುಗಿಸಿಕೊಂಡರು. ಈ ಒಂದು ತಿಂಗಳು ನಾನು ಇದನ್ನೇ ಕುದಿಯುತ್ತಾ ಬರೆದೆ. ಬರೆದದ್ದನ್ನು ಇವತ್ತು ತಿರುಗಿ ಓದುವಾಗ ಒಂದು ಸಾಲಿನಲ್ಲಿ ನಿಂತುಬಿಟ್ಟೆ. 'ಎಲ್ಲರೂ ನಕ್ಕರು' ಎಂದು ಬರೆದಿದ್ದೇನೆ. ನಾಲ್ಕು ನೋಟ್‌ಬುಕ್ಕುಗಳನ್ನೂ ತೆಗೆದು ನೋಡಿದೆ. ಉಳಿದದ್ದೆಲ್ಲ ಬೇರೆ ಬೇರೆ, ಈ ಸಾಲು ಮಾತ್ರ ನಾಲ್ಕರಲ್ಲೂ ಹಾಗೆಯೇ ಇದೆ. ಆ ಕೋಣೆಯಲ್ಲಿದ್ದವರು ನಾಲ್ಕೇ ಜನ. ಅರ್ಬಾಬ್ ಫೋನಿನಲ್ಲಿದ್ದರು, ಅವರಿಗೆ ಮಗನ ಇಂಗ್ಲಿಷು ತಿಳಿಯುತ್ತಲೂ ಇರಲಿಲ್ಲ. ಹಮದ್ ನಕ್ಕ, ತಮಾಷೆ ಅವನದ್ದು. ಪಪ್ಪ ನಗಲಿಲ್ಲ.

ಆ ತಮಾಷೆ ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ, ನನ್ನ ಶಾಲೆಯ ಇಂಗ್ಲಿಷಿನಲ್ಲಿ, ಅರ್ಬಾಬರ ಮಗ ನನ್ನ ಮುಖ ನೋಡಿ ಆಡಿದ ತಮಾಷೆ. ಹತ್ತು ವರ್ಷದ ಮಗಳ ನಗೆಗೆ ಹೆದರಿ ಲೆಕ್ಕ ಬಿಡುವ ಅಪ್ಪನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅದನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಅವರ ಕೈ ಜೇಬಿನ ಮೇಲೆ ನಿಂತ ಆ ಕ್ಷಣ ಅವರು ಹಮದನ ಕಡೆ ನೋಡುತ್ತಿರಲಿಲ್ಲ, ಅರ್ಬಾಬರ ಕಡೆಯೂ ನೋಡುತ್ತಿರಲಿಲ್ಲ. ತೂತಿನ ಸಾಕ್ಸನ್ನು ಮುಚ್ಚುವುದು ಮರೆತು ನಗುತ್ತಿದ್ದ ನನ್ನನ್ನು ನೋಡುತ್ತಿದ್ದರು. ಆಮೇಲೆ ತಿರುಗಿ, ತ್ರೀ ನಾಟ್ ಏಟೂ ಆಗ್ತದೆ ಅಂದರು.